ಭೀಮಾತೀರದ ಸ್ಮಾರಕಶಿಲೆಗಳೂ ಅವುಗಳ ಪೂರ್ವರೇಖೆಯೂ

೧

ಮಡಿದವರ ನೆನಪಿಗಾಗಿ ನಿಲ್ಲಿಸುವ ಸ್ಮಾರಕಗಳಲ್ಲಿ ಎರಡು ಬಗೆಯ ರೂಪಗಳು ಕೂಡಿರುವುದು ಅನೇಕ ದೇಶಗಳಲ್ಲಿ ಕಂಡುಬರುವ ಸಂಗತಿಯಾಗಿದೆ. ಒಂದು, ಮಡಿದ ವ್ಯಕ್ತಿಯ ರೂಪ. ಮತ್ತೊಂದು, ಆತನ ಗುಣವನ್ನೋ ಕೀರ್ತಿಯನ್ನೋ ಮರಣಾನಂತರದ ಗತಿಯನ್ನೋ ಸೂಚಿಸುವ ಸಾಂಕೇತಿಕ ಮೂರ್ತಿಗಳು. ಬೆಂಗಳೂರಿನಲ್ಲಿ ೧೯೦೬ರಲ್ಲಿ ಅನಾವರಣಗೊಂಡ ವಿಕ್ಟೋರಿಯಾ ರಾಣಿಯ ವಿಗ್ರಹವನ್ನು ಕಡೆದ ಥಾಮಸ್ ಬ್ರಾಕನೆಂಬ ಶಿಲ್ಪಿಯೇ ಲಂಡನ್ ನಗರದಲ್ಲಿ ೧೯೧೧ರಲ್ಲಿ ಅನಾವರಣಗೊಂಡ ಆ ರಾಣಿಯ ದೊಡ್ಡ ಸ್ಮಾರಕವನ್ನೂ ರಚಿಸಿದನು. ಅದರಲ್ಲಿ ರಾಣಿಯ ಮೂರ್ತಿಯ ಜೊತೆಗೆ ಸತ್ಯ, ನ್ಯಾಯ, ಮಾತೃತ್ವ ಎಂಬ ಭಾವಗಳು ಮನುಷ್ಯರೂಪವನ್ನು ತಳೆದು ನಿಂತಿವೆ. ತುದಿಯಲ್ಲಿ ರೆಕ್ಕೆಗಳುಳ್ಳ ವಿಜಯದೇವತೆಯಿದ್ದಾಳೆ. ಇಂತಹ ಕೆಲಸಗಳಿಗೆ ಮೊದಲು ಕಾಗದದ ಮೇಲೆ ರೇಖಾಚಿತ್ರಗಳನ್ನು ಬರೆದು, ಮಾಡಿಸುವವರ ಒಪ್ಪಿಗೆಯನ್ನು ಪಡೆದು, ಅನಂತರ ಶಿಲೆಗೋ ಲೋಹಕ್ಕೋ ಕೈಹಚ್ಚುವುದು ಯೂರೋಪಿನ ಪದ್ಧತಿ. ಅಲ್ಲಿಯ ಸಂಗ್ರಹಾಲಯಗಳು ಇಂತಹ ಪೂರ್ವಚಿತ್ರಗಳನ್ನು ಜೋಪಾನವಾಗಿ ಕಾಪಾಡಿಕೊಂಡು ಬಂದಿವೆ. ಶಿಲ್ಪಿಯು ಮೊದಲು ಏನನ್ನು ನೆನೆದನು, ಬಳಿಕ ಏನನ್ನು ಬಿಟ್ಟನು ಎಂಬುದನ್ನು ಅವುಗಳಿಂದ ತಿಳಿಯಬಹುದು.

ಕನ್ನಡನಾಡಿನಲ್ಲಿ ಸ್ಮಾರಕಶಿಲೆಗಳಿಗೆ ಕೊರತೆಯಿಲ್ಲ. ವೀರಗಲ್ಲು, ಮಾಸ್ತಿಕಲ್ಲು, ನಿಸಿದಿಗಲ್ಲು ಎಂದು ಮೂರು ಹೆಸರುಗಳಿಂದ ಅವು ಊರೂರಿನಲ್ಲಿಯೂ ನಿಂತಿವೆ. ಸಾಂಕೇತಿಕ ರೂಪಗಳೂ ಅವುಗಳಲ್ಲಿ ತುಂಬಿವೆ. ಆದರೆ ಕಾಗದದ ಮೇಲಣ ಪೂರ್ವಚಿತ್ರವೆಂಬುದು ಇಲ್ಲಿ ದೊರೆಯತಕ್ಕ ವಸ್ತುವಲ್ಲ. ಇದರಿಂದ ಈ ಶಿಲೆಗಳನ್ನು ಕಡೆದವರು ಬರೆಯದೆಯೇ ಕಡೆದರೆಂದು ತಿಳಿಯಬೇಕೆ? ಅಥವಾ ಬರೆದ ಗೆರೆಯು ಬೇರೆಲ್ಲಿಯೋ ಉಳಿದುಕೊಂಡಿದೆಯೆ? ಆಳಂದ, ಅಫಜಲಪುರ, ಜೇವರ್ಗಿ ಸೀಮೆಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಮಾಡುವುದು ಉಚಿತವಾಗಿದೆ. ಏಕೆಂದರೆ ರೇಖೆಯ ಶಾಸ್ತ್ರವನ್ನು ಸವಿಸ್ತಾರವಾಗಿ ಹೇಳುವ ಗ್ರಂಥವೊಂದು ಈ ಸೀಮೆಗಳ ನೆರೆಯ ರಾಜಧಾನಿಯಲ್ಲಿಯೇ ಹುಟ್ಟಿತು.

೨

ಈ ಮೂರು ತಾಲ್ಲೂಕುಗಳು ಕಲಬುರಗಿ ಜಿಲ್ಲೆಯ ಪಶ್ಚಿಮಭಾಗದಲ್ಲಿವೆ. ಆಳಂದದ ಕಡೆಯಿಂದ ಹರಿದುಬರುವ ಅಮರ್ಜಾ ನದಿಯು ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ಜೇವರ್ಗಿಯು ಭೀಮೆಯ ದಕ್ಷಿಣಕ್ಕಿದೆ. ಚಾಲುಕ್ಯರ ಕಾಲದ ಶಾಸನಗಳು ಆಳಂದದ ಸುತ್ತಣ ನಾಡನ್ನು ಅಲಂದೆ ಸಾಸಿರವೆಂದು ಕರೆಯುತ್ತವೆ. ಆಳಂದದಿಂದ ಈಶಾನ್ಯಕ್ಕೆ ಚಾಲುಕ್ಯರ ಕಲ್ಯಾಣವೂ, ಇದೇ ಜಿಲ್ಲೆಯ ಪೂರ್ವಭಾಗದಲ್ಲಿ ರಾಷ್ಟ್ರಕೂಟರ ಮಾನ್ಯಖೇಟವೂ ಇರುವುದರಿಂದ, ಈ ಸೀಮೆಯು ನಾಲ್ಕು ಶತಮಾನಗಳಿಗೂ ಮಿಕ್ಕಿ ಎರಡು ದೊಡ್ಡ ರಾಜ್ಯಗಳ ನಡುನಾಡಾಗಿದ್ದಿತು.

ಕಲ್ಲಿನ ವಿಷಯದಲ್ಲಿಯೂ ಈ ಸೀಮೆಗೆ ಒಂದು ವಿಶೇಷವಿದೆ. ಆಳಂದ, ಅಫಜಲಪುರಗಳ ನೆಲವು ಬಹುಮಟ್ಟಿಗೆ ಕಪ್ಪು ಅಗ್ನಿಶಿಲೆಯದು. ಜೇವರ್ಗಿಯ ಕಡೆಗೆ, ಭೀಮೆಯ ಕೆಳದಂಡೆಯಲ್ಲಿ, ಶಹಾಬಾದಿನ ಹೆಸರಿನಿಂದ ಪ್ರಸಿದ್ಧವಾದ ಸುಣ್ಣಶಿಲೆಯು ದೊರೆಯುತ್ತದೆ. ಮೊದಲನೆಯದು ಉಳಿಗೆ ಬಿರುಸು. ಎರಡನೆಯದು ಪದರಪದರವಾಗಿ ಏಳತಕ್ಕದ್ದು, ನಯವಾದ ಮೈಯುಳ್ಳದ್ದು, ಸಣ್ಣ ಗೆರೆಯನ್ನೂ ಹಿಡಿಯತಕ್ಕದ್ದು.

ಈ ಸುಣ್ಣಶಿಲೆಯ ಮೇಲೆಯೇ ಭೀಮಾತೀರದ ಅತ್ಯಂತ ಹಳೆಯ ಸ್ಮಾರಕಗಳು ಮೂಡಿದುವು. ಜೇವರ್ಗಿಗೆ ಆಗ್ನೇಯದಲ್ಲಿರುವ ಸನ್ನತಿಯಲ್ಲಿ ಶಾತವಾಹನರ ಕಾಲದ ಸ್ಮಾರಕಫಲಕಗಳು ಹೆಚ್ಚಿನ ಸಂಖ್ಯೆಯಲ್ಲಿ ದೊರೆತಿವೆ. ಕುಳಿತ ದಂಪತಿಗಳು, ಎತ್ತಿನ ಬಂಡಿ ಮುಂತಾದ ಗೃಹಜೀವನದ ಚಿತ್ರಗಳೂ, ಬ್ರಾಹ್ಮೀಲಿಪಿಯ ಚಿಕ್ಕ ಪ್ರಾಕೃತ ಬರಹಗಳೂ ಅವುಗಳಲ್ಲಿವೆ. ನೆರೆಯ ಕನಗನಹಳ್ಳಿಯ ಮಹಾಚೈತ್ಯದಲ್ಲಿ ಅಶೋಕನ ರೂಪವನ್ನು ಕಡೆದು ಅದರೊಡನೆ ಆತನ ಹೆಸರನ್ನು ಬ್ರಾಹ್ಮಿಯಲ್ಲಿ ಕೆತ್ತಿರುವುದು ಲೋಕವಿಖ್ಯಾತವಾಗಿದೆ. ರೂಪವನ್ನು ತೋರಿಸಿ ಹೆಸರನ್ನು ಹೇಳುವ ಪದ್ಧತಿಯು ಭೀಮಾತೀರದಲ್ಲಿ ಅಷ್ಟು ಹಿಂದಿನದು. ಕೃಷ್ಣಾತೀರದ ನಾಗಾರ್ಜುನಕೊಂಡದಲ್ಲಿ, ಇಕ್ಷ್ವಾಕುಗಳ ಕಾಲದಲ್ಲಿ, ಇಂತಹ ಸ್ಮಾರಕಕ್ಕೆ ‘ಛಾಯಾಖಂಭ’ವೆಂಬ ಹೆಸರಿದ್ದಿತು. ಛಾಯೆಯೆಂದರೆ ನೆರಳು, ಪ್ರತಿಬಿಂಬ, ಹೋಲಿಕೆ. ಹೋದವನ ನೆರಳನ್ನು ಕಲ್ಲಿನಲ್ಲಿ ಹಿಡಿದಿಡುವುದೇ ಸ್ಮಾರಕವೆಂಬ ಭಾವನೆಯು ಆ ಒಂದು ಮಾತಿನಲ್ಲಿ ಅಡಗಿದೆ.

೩

ಸನ್ನತಿಯ ಫಲಕಗಳಿಗೂ ಚಾಲುಕ್ಯರ ಕಾಲದ ವೀರಗಲ್ಲುಗಳಿಗೂ ನಡುವೆ ಎಂಟುನೂರು ವರ್ಷಗಳಿಗೂ ಮಿಕ್ಕ ಅಂತರವಿದೆ. ಈ ಅವಧಿಯಲ್ಲಿ ಸ್ಮಾರಕದ ಲಕ್ಷ್ಯವು ಬದಲಾಯಿಸಿತು. ಮಡಿದವನು ಬಾಳಿದ ಬಗೆಯನ್ನು ತೋರಿಸುವುದಕ್ಕಿಂತ, ಆತನು ಸತ್ತ ಬಗೆಯನ್ನೂ ಸತ್ತ ಮೇಲೆ ಪಡೆದ ಪದವಿಯನ್ನೂ ತೋರಿಸುವುದು ಮುಖ್ಯವಾಯಿತು. ವೀರಗಲ್ಲಿನ ಸಾಮಾನ್ಯರೂಪವು ವಿದ್ವಾಂಸರಿಗೆ ತಿಳಿದುದೇ ಆಗಿದೆ. ಕೆಳಗಿನ ಅಂಕಣದಲ್ಲಿ ಕಾಳಗ, ನಡುವಣ ಅಂಕಣದಲ್ಲಿ ವೀರನನ್ನು ಎರಡು ಪಕ್ಕಗಳಲ್ಲಿಯೂ ಹಿಡಿದು ಮೇಲಕ್ಕೊಯ್ಯುವ ಅಪ್ಸರೆಯರು, ಮೇಲಣ ಅಂಕಣದಲ್ಲಿ ಶಿವಲಿಂಗದ ಅಥವಾ ಜಿನಬಿಂಬದ ಸನ್ನಿಧಿಯಲ್ಲಿ ಕುಳಿತ ವೀರ, ತುದಿಯಲ್ಲಿ ಸೂರ್ಯಚಂದ್ರರು. ಇವು ಬರಿಯ ಅಲಂಕಾರಗಳಲ್ಲ. ಒಂದೊಂದು ರೂಪದ ಹಿಂದೆಯೂ ಒಂದೊಂದು ಮಾತಿದೆ.

ಅಪ್ಸರೆಯರ ಹಿಂದಿರುವ ಮಾತು, ವೀರಗಲ್ಲುಗಳಲ್ಲಿ ಮತ್ತೆ ಮತ್ತೆ ಬರುವ ಪ್ರಸಿದ್ಧವಾದ ಸಂಸ್ಕೃತ ಶ್ಲೋಕದ್ದು. ಗೆದ್ದವನಿಗೆ ಲಕ್ಷ್ಮಿಯೂ ಮಡಿದವನಿಗೆ ಸುರಾಂಗನೆಯೂ ದೊರೆಯುವರು. ಕ್ಷಣಿಕವಾದ ದೇಹಕ್ಕಾಗಿ ರಣದಲ್ಲಿ ಚಿಂತೆಯೇಕೆ ಎಂಬುದು ಅದರ ತಾತ್ಪರ್ಯ. ಇಲ್ಲಿ ಗೆಲವೂ ಹೆಣ್ಣಾಗಿದ್ದಾಳೆ, ಸಾವೂ ಹೆಣ್ಣಾಗಿದ್ದಾಳೆ. ಕನ್ನಡ ಕಾವ್ಯಗಳ ವೀರಲಕ್ಷ್ಮಿ, ಜಯಲಕ್ಷ್ಮಿ, ಕೀರ್ತಿಕಾಂತೆಯರೂ ಇದೇ ಕುಲದವರು. ಕವಿಯು ಮಾತಿನಿಂದ ಮಾಡಿದುದನ್ನೇ ರೂವಾರಿಯು ನಡುವಣ ಅಂಕಣದಲ್ಲಿ ಮಾಡಿದನು.

ಸೂರ್ಯಚಂದ್ರರ ಹಿಂದಿರುವುದು ಕಾವ್ಯದ ಮಾತಲ್ಲ, ದಾನಪತ್ರದ ಮಾತು. ದತ್ತಿಯನ್ನು ‘ಆಚಂದ್ರಾರ್ಕ’ವಾಗಿ ನಡೆಯತಕ್ಕುದೆಂದು ಶಾಸನಗಳು ವಿಧಿಸುತ್ತವೆ. ತುರುಗೋಳಿನಲ್ಲಿಯೋ, ಊರಳಿವಿನಲ್ಲಿಯೋ, ಪೆಣ್ಬುಯ್ಯಲಿನಲ್ಲಿಯೋ ಮಡಿದವನ ಮನೆಯವರಿಗೆ ನೆತ್ತರುಕೊಡಗೆಯೆಂದು ಭೂಮಿಯನ್ನು ಬಿಡುತ್ತಿದ್ದರು. ಆ ಭೂಮಿಯ ಹಕ್ಕು ಸೂರ್ಯಚಂದ್ರರಿರುವವರೆಗೆ ಎಂಬ ಕರಾರನ್ನು ಓದುಬಾರದವನೂ ಅರಿಯುವಂತೆ ಕಲ್ಲಿನ ತಲೆಯ ಮೇಲೆ ಬರೆದರು. ದಾನಶಾಸನಗಳ ತಲೆಯಲ್ಲಿ ಕಾಣುವ ಹಸುಕರುಗಳೂ ಹೀಗೆಯೇ: ದತ್ತಿಯನ್ನು ಅಳಿದವನು ಗೋಹತ್ಯೆಯ ಪಾಪಕ್ಕೆ ಹೋಗುವನೆಂಬ ಶಾಪವಾಕ್ಯವನ್ನು ಅವು ನೆನಪಿಗೆ ತರುತ್ತವೆ. ಸ್ವರ್ಗದ ಆಸೆ, ನೆಲದ ಹಕ್ಕು ಇವೆರಡನ್ನೂ ಒಂದೇ ಫಲಕದ ಮೇಲೆ ರೂಪಗಳಿಂದ ಹೇಳಿದುದು ಈ ಶಿಲ್ಪದ ಹೆಚ್ಚಳ.

೪

ಇಂತಹ ರಚನೆಯನ್ನು ಮುನ್ನ ಗೆರೆಯೆಳೆಯದೆ ಮಾಡುವುದು ಸಾಧ್ಯವಿರಲಿಲ್ಲವೆಂಬುದಕ್ಕೆ ಮೂರು ಬಗೆಯ ಆಧಾರಗಳಿವೆ.

ಮೊದಲನೆಯದು ಶಾಸ್ತ್ರ. ಕಲ್ಯಾಣದ ಮೂರನೆಯ ಸೋಮೇಶ್ವರನು ಕ್ರಿ. ಶ. ೧೧೨೯ರ ಸುಮಾರಿನಲ್ಲಿ ರಚಿಸಿದ ಮಾನಸೋಲ್ಲಾಸವು ಐದು ವಿಂಶತಿಗಳ, ನೂರು ಅಧ್ಯಾಯಗಳ ಗ್ರಂಥ. ಅಭಿಲಷಿತಾರ್ಥಚಿಂತಾಮಣಿಯೆಂಬುದು ಇದರ ಇನ್ನೊಂದು ಹೆಸರು. ಅದರ ಮೂರನೆಯ ವಿಂಶತಿಯಲ್ಲಿ ಅರಮನೆಯ ಗೋಡೆಗಳನ್ನು ಹೇಳುವಾಗ ಚಿತ್ರದ ವಿಷಯವೂ ಬರುತ್ತದೆ. ಕಾಡಿಗೆಯನ್ನು ಅನ್ನದ ಅಗುಳಿನೊಡನೆ ಮರ್ದಿಸಿ ಬತ್ತಿಯಂತೆ ಹೊಸೆದುದಕ್ಕೆ ವರ್ತಿಕೆಯೆಂದು ಹೆಸರು. ಚಿತ್ರಕನು ಮನಸ್ಸಿನಲ್ಲಿ ನೆನೆದ ಆಕಾರವನ್ನು ಮೊದಲು ಈ ವರ್ತಿಕೆಯಿಂದ ಬರೆಯಬೇಕು, ವರ್ಣವು ಅನಂತರದ್ದು. ಆಕಾರಕ್ಕೆ ಅಳತೆಯನ್ನು ಕೊಡತಕ್ಕುದು ಬ್ರಹ್ಮಸೂತ್ರ. ಅದು ಹಣೆಯ ಕೂದಲಂಚಿನಿಂದ ಹುಬ್ಬುಗಳ ನಡುವೆ, ಮೂಗಿನ ತುದಿ, ಗಲ್ಲ, ಎದೆ, ಹೊಕ್ಕುಳುಗಳ ಮೇಲೆ ಹಾದು ಪಾದಗಳ ನಡುವಿಗೆ ಇಳಿಯುವ ಗೆರೆ. ಅದರ ಇಕ್ಕೆಲಗಳಲ್ಲಿಯೂ ಆರಾರು ಅಂಗುಲಗಳ ದೂರದಲ್ಲಿ ಪಕ್ಷಸೂತ್ರಗಳು. ಇದು ಎದುರುಮುಖವಾದ ಋಜುಸ್ಥಾನದ ಲೆಕ್ಕ. ಮೈಯನ್ನು ಒಂದು ಕಡೆಗೆ ತಿರುಗಿಸಿದಂತೆಲ್ಲ ಒಂದು ಪಕ್ಕದ ಅಂತರವು ಕಿರಿದಾಗಿ ಇನ್ನೊಂದು ಪಕ್ಕದ್ದು ಹಿರಿದಾಗುತ್ತದೆ. ಅಪ್ಸರೆಯ ಓರೆನಿಲವಾಗಲಿ, ಬಿಲ್ಲುಗಾರನ ಪಕ್ಕನೋಟವಾಗಲಿ ಈ ಮೂರು ಗೆರೆಗಳ ಲೆಕ್ಕದಿಂದ ಹೊರತಾದುದಲ್ಲ. ಗ್ರಂಥವು ಹೇಳುವುದು ಗೋಡೆಯ ಚಿತ್ರವನ್ನು. ಆದರೆ ಈ ಸೂತ್ರಮಾನವು ಚಿತ್ರಕನಿಗೂ ಶಿಲ್ಪಿಗೂ ಸಮಾನವಾದ ಸೊತ್ತು. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಕಟ್ಟಿದ ಗುಂಡ ಅನಿವಾರಿತಾಚಾರಿಯನ್ನು ಎಂಟನೆಯ ಶತಮಾನದ ಶಾಸನವು ಸೂತ್ರಧಾರಿಯೆಂದು ಕರೆದಿರುವುದನ್ನು ಇಲ್ಲಿ ಸ್ಮರಿಸಬಹುದು.

ಪೂರ್ವಚಿತ್ರಕ್ಕೆ ಆ ಕಾಲದವರು ಒಂದು ಹೆಸರನ್ನೂ ಇಟ್ಟಿದ್ದರು. ಹನ್ನೆರಡನೆಯ ಶತಮಾನದ ಶ್ರೀಹರ್ಷನು ನೈಷಧೀಯಚರಿತದಲ್ಲಿ, ದಮಯಂತಿಗಿಂತ ಮೊದಲು ಹುಟ್ಟಿದ ಸುಂದರಿಯರೆಲ್ಲರೂ ಆಕೆಯನ್ನು ನಿರ್ಮಿಸುವುದಕ್ಕಾಗಿ ಬ್ರಹ್ಮನು ಅಭ್ಯಾಸಕ್ಕೆಂದು ಬರೆದ ‘ಹಸ್ತಲೇಖ’ವೆಂದು ಉತ್ಪ್ರೇಕ್ಷಿಸುತ್ತಾನೆ. ಓದುವವರಿಗೆ ಕಸಬಿನ ಈ ಮಾತು ಪರಿಚಿತವಾಗಿದ್ದಲ್ಲದೆ ಉತ್ಪ್ರೇಕ್ಷೆಯು ಸೊಗಸುತ್ತಿರಲಿಲ್ಲ. ವಿಷ್ಣುಧರ್ಮೋತ್ತರದ ಚಿತ್ರಸೂತ್ರವು ಇನ್ನೂ ಮುಂದೆ ಹೋಗಿ, ನಾರಾಯಣ ಋಷಿಯು ಮಾವಿನ ರಸದಿಂದ ಒಬ್ಬ ಸುಂದರಿಯ ರೂಪವನ್ನು ಬರೆಯಲು ಆಕೆಯೇ ಉರ್ವಶಿಯಾದಳೆಂದೂ, ಆ ವಿದ್ಯೆಯನ್ನು ವಿಶ್ವಕರ್ಮನಿಗೆ ಕಲಿಸಿದನೆಂದೂ ಹೇಳುತ್ತದೆ. ಅಪ್ಸರೆಯೇ ಗೆರೆಯಿಂದ ಹುಟ್ಟಿದವಳು ಎಂಬುದು ಶಿಲ್ಪಿಗಳ ಪರಂಪರೆಯ ನಂಬಿಕೆಯಾಗಿದ್ದಿತು.

ಎರಡನೆಯ ಆಧಾರವು ಭಾಷೆ. ಕನ್ನಡದಲ್ಲಿ ಅಕ್ಷರವನ್ನು ಬರೆಯುವುದಕ್ಕೂ ಚಿತ್ರವನ್ನು ಬರೆಯುವುದಕ್ಕೂ ಒಂದೇ ಧಾತು. ಶಾಸನಗಳ ಕೊನೆಯಲ್ಲಿ ‘ಬರೆದಂ’ ಎಂದು ಒಬ್ಬನ ಹೆಸರೂ ‘ಕಂಡರಿಸಿದಂ’ ಎಂದು ಇನ್ನೊಬ್ಬನ ಹೆಸರೂ ಬರುವುದುಂಟು. ಮೊದಲನೆಯವನು ಕಲ್ಲಿನ ಮೈಮೇಲೆ ಅಕ್ಷರಗಳ ಆಕೃತಿಯನ್ನು ಮೂಡಿಸಿದವನು. ಎರಡನೆಯವನು ಆ ಗೆರೆಯನ್ನು ಅನುಸರಿಸಿ ಉಳಿಯನ್ನು ನಡೆಸಿದವನು. ಅಕ್ಷರದ ಮಟ್ಟಿಗೆ ಬರೆಯುವುದು, ಕಂಡರಿಸುವುದು ಎಂಬ ಎರಡು ಹಂತಗಳಿದ್ದುದು ಹೀಗೆ ಸ್ಪಷ್ಟವಾಗಿರುವಾಗ, ಅದೇ ಕಲ್ಲಿನ ಮೇಲಣ ರೂಪಗಳಿಗೆ ಮಾತ್ರ ಒಂದೇ ಹಂತವಿದ್ದಿತೆಂದು ಹೇಳುವುದು ಯುಕ್ತವಲ್ಲ.

ಮೂರನೆಯ ಆಧಾರವು ಗೆರೆಗಳೇ ಉಳಿದಿರುವ ಕೆಲವು ಸ್ಥಳಗಳು. ಅಜಂತೆಯ ಗುಹೆಗಳಲ್ಲಿ ಬಣ್ಣವು ಉದುರಿದೆಡೆಯಲ್ಲಿ ಕೆಮ್ಮಣ್ಣಿನ ಪೂರ್ವರೇಖೆಗಳು ಕಾಣುತ್ತವೆ. ಮಧ್ಯಪ್ರದೇಶದ ಭೋಜಪುರದಲ್ಲಿ, ಪರಮಾರ ಭೋಜನ ಕಾಲದ್ದೆನ್ನುವ ಮುಗಿಯದ ಶಿವಾಲಯದ ಸುತ್ತಣ ಬಂಡೆಗಳ ಮೇಲೆ, ಕಂಬ, ಅಧಿಷ್ಠಾನ, ಶಿಖರಗಳ ನಕ್ಷೆಗಳನ್ನು ಗೀರಿರುವರು. ಆ ಭೋಜನ ಧಾರೆಯ ಮೇಲೆ ದಂಡೆತ್ತಿ ಹೋದವನು ಕಲ್ಯಾಣದ ಮೊದಲನೆಯ ಸೋಮೇಶ್ವರನು. ಭೋಜಪುರದ ಕೆಲಸವು ನಿಂತುಹೋದುದರಿಂದಲೇ ಅಲ್ಲಿಯ ಗೆರೆಗಳು ಉಳಿದುವು. ಕೆಲಸವು ಮುಗಿದಲ್ಲಿ ಗೆರೆಯು ಅಳಿಯುವುದೇ ಸಹಜ.

೫

ವೀರಗಲ್ಲಿನಲ್ಲಿ ಗೆರೆಯು ಅಳಿದುದು ಹೇಗೆಂಬುದನ್ನು ವೀರಗಲ್ಲೇ ತೋರಿಸುತ್ತದೆ. ಇವು ಹೆಚ್ಚಾಗಿ ತಗ್ಗುಬ್ಬಿನ ಶಿಲ್ಪಗಳು. ಮೊದಲು ಫಲಕದ ಮೈಯನ್ನು ಸಮಮಾಡಿ, ಅದರ ಮೇಲೆ ಅಂಕಣಗಳ ಅಡ್ಡಪಟ್ಟಿಕೆಗಳನ್ನೂ ರೂಪಗಳ ಹೊರಗೆರೆಗಳನ್ನೂ ಗುರುತಿಸಿ, ಗೆರೆಯ ಹೊರಗಿನ ಕಲ್ಲನ್ನು ಕೆಳಕ್ಕೆ ತೆಗೆಯುತ್ತಾರೆ. ಹೀಗೆ ಉಳಿದ ರೂಪಗಳ ಮೇಲ್ಮೈಯೂ ಪಟ್ಟಿಕೆಗಳ ಮೇಲ್ಮೈಯೂ ಸುಮಾರು ಒಂದೇ ಮಟ್ಟದಲ್ಲಿರುತ್ತವೆ. ಆ ಮಟ್ಟವೇ ಮೊದಲಿನ ಫಲಕದ ಮೈ. ಆದುದರಿಂದ ಯೋಧನ ಅಥವಾ ಕುದುರೆಯ ಅಂಚು ಎಲ್ಲಿ ಹಿನ್ನೆಲೆಗೆ ಇಳಿಯುತ್ತದೆಯೋ ಅಲ್ಲಿಯೇ ಪೂರ್ವರೇಖೆಯು ಓಡಿದ್ದಿತು. ಬಣ್ಣದ ಗೆರೆಯನ್ನು ಉಳಿಯು ತಿಂದಿತು; ಆದರೆ ಗೆರೆಯ ದಾರಿಯನ್ನು ಬಿಟ್ಟುಹೋಯಿತು. ಯೂರೋಪಿನಲ್ಲಿ ಕಾಗದದ ಮೇಲೆ ಬೇರೆಯಾಗಿ ಉಳಿದ ವಸ್ತುವು ಇಲ್ಲಿ ಶಿಲ್ಪದ ಅಂಚಿನಲ್ಲಿ ಸೇರಿಹೋಗಿದೆ.

ಅಕ್ಷರಗಳಿರುವ ಕಲ್ಲುಗಳಲ್ಲಿ ಇನ್ನೊಂದು ಸಾಕ್ಷ್ಯವೂ ದೊರೆಯುತ್ತದೆ. ಬರಹವು ಸಾಮಾನ್ಯವಾಗಿ ಅಂಕಣಗಳ ನಡುವಣ ಪಟ್ಟಿಕೆಗಳಲ್ಲಿ ಸಾಗುತ್ತದೆ. ಕೆಲವೆಡೆ ಪಟ್ಟಿಕೆಯಲ್ಲಿ ಸ್ಥಳವು ಸಾಲದೆ ಕಡೆಯ ಅಕ್ಷರಗಳು ಅಂಕಣದೊಳಗೆ ಇಳಿದು, ಕತ್ತಿಯ ಪಕ್ಕದಲ್ಲಿಯೋ ಕುದುರೆಯ ಕಾಲುಗಳ ನಡುವೆಯೋ ಸೇರಿಕೊಂಡಿರುತ್ತವೆ. ಅಂತಹ ಕಲ್ಲಿನಲ್ಲಿ ರೂಪವು ಮೊದಲು, ಹೆಸರು ಆಮೇಲೆ. ಪಟ್ಟಿಕೆಗಳು ಬರಹದ ಅಳತೆಗೆ ಸರಿಯಾಗಿ ಅಗಲಕಿರಿದಾಗಿದ್ದಲ್ಲಿ, ರೂಪವನ್ನೂ ಬರಹವನ್ನೂ ಒಟ್ಟಿಗೆ ಯೋಜಿಸಿದರೆಂದು ತಿಳಿಯಬೇಕು. ಈ ಭೇದವು ಚಿಕ್ಕದಾಗಿ ಕಂಡರೂ ಇತಿಹಾಸಕಾರನಿಗೆ ಪ್ರಯೋಜನವುಳ್ಳದ್ದು. ಯಾವುದು ಒಬ್ಬನಿಗಾಗಿ ಬರೆದ ಚಿತ್ರ, ಯಾವುದು ಎಲ್ಲರಿಗೂ ಸಲ್ಲುವ ಚಿತ್ರ ಎಂಬುದನ್ನು ನಿರ್ಣಯಿಸುವುದಕ್ಕೆ ಇದು ನೆರವಾಗುತ್ತದೆ.

೬

ಈ ನಿರ್ಣಯವೇ ಮುಖ್ಯವಾದುದು. ಮೇಲಣ ಅಂಕಣಗಳ ಸಾಂಕೇತಿಕ ಮೂರ್ತಿಗಳು ರೂವಾರಿಯ ಕೈಗೆ ರೂಢಿಯಾದ ಗೆರೆಗಳು. ತಂದೆಯಿಂದ ಮಗನಿಗೆ, ಊರಿನಿಂದ ಊರಿಗೆ ಅವು ನಡೆದುಬಂದುವು. ಅಪ್ಸರೆಯರು ಇಬ್ಬರೋ ನಾಲ್ವರೋ ಎಂಬುದರಿಂದ ವೀರನ ಅಂತಸ್ತನ್ನು ಅಳೆಯಲಾಗದು. ಆತನ ಮುಖವನ್ನು ನೋಡಿ ಇಂತಹವನಿದ್ದನೆಂದು ಹೇಳಲೂ ಆಗದು. ವ್ಯಕ್ತಿವಿಶೇಷವು ಕಾಣುವುದು ಕೆಳಗಿನ ಅಂಕಣದಲ್ಲಿ. ಅಲ್ಲಿ ದನಗಳಿವೆಯೆ, ಕುದುರೆಯಿದೆಯೆ. ಹಿಡಿದುದು ಬಿಲ್ಲೋ ಕತ್ತಿಯೋ. ಒಬ್ಬನೇ ನಿಂತನೋ ಹಲವರೊಡನೆ ನಿಂತನೋ ಎಂಬೀ ವಿವರಗಳನ್ನು ಮಾತ್ರ ಸತ್ತವನ ಮನೆಯವರು ರೂವಾರಿಗೆ ಹೇಳಬೇಕಾಗಿದ್ದಿತು. ಅಂದರೆ ವೀರಗಲ್ಲಿನ ಕೆಳಗಿನ ಗೆರೆಯು ಊರಿನ ಬಾಯಿಂದ ಬಂದುದು. ಮೇಲಿನ ಗೆರೆಯು ಕಸಬಿನ ಕೈಯಿಂದ ಬಂದುದು.

ಕೆಳಗಿನ ಗೆರೆಯು ಎಷ್ಟು ಖಚಿತವಾಗಬಲ್ಲದೆಂಬುದಕ್ಕೆ ಆತಕೂರಿನ ಕಲ್ಲು ಪ್ರಸಿದ್ಧವಾದ ನಿದರ್ಶನ. ಮಾನ್ಯಖೇಟದ ಮೂರನೆಯ ಕೃಷ್ಣನೂ ಗಂಗ ಬೂತುಗನೂ ತಕ್ಕೋಲದಲ್ಲಿ ಚೋಳರನ್ನು ಗೆದ್ದ ಬಳಿಕ, ಶಕ ವರ್ಷ ೮೭೨ರಲ್ಲಿ, ಮಣಲೇರನು ಕಾಳಿಯೆಂಬ ತನ್ನ ನಾಯಿಗಾಗಿ ಆ ಕಲ್ಲನ್ನು ನಿಲ್ಲಿಸಿದನು. ಕಾಡುಹಂದಿಯೊಡನೆ ಹೋರಾಡಿ ನಾಯಿಯೂ ಹಂದಿಯೂ ಎರಡೂ ಸತ್ತುವು. ಕಲ್ಲಿನ ಮೇಲೆ ಆ ಎರಡು ಪ್ರಾಣಿಗಳ ಕಾದಾಟವನ್ನೇ ಕಡೆದಿದ್ದಾರೆ. ರೂಢಿಯ ಯಾವ ಗೆರೆಯೂ ಇಲ್ಲಿ ನೆರವಿಗೆ ಬರುವಂತಿರಲಿಲ್ಲ. ಈ ಒಂದು ಘಟನೆಗಾಗಿಯೇ ಹೊಸ ಗೆರೆಯನ್ನು ಬರೆಯಬೇಕಾಯಿತು.

ಇದಕ್ಕೆ ನೇರವಾಗಿ ಎದುರಾದುದು ಮಾಸ್ತಿಕಲ್ಲು. ಕಂಬದಿಂದ ಹೊರಟು ಮೇಲಕ್ಕೆ ಎತ್ತಿದ ಒಂದು ತೋಳು, ಮುರಿಯದ ಬಳೆಗಳು, ತೆರೆದ ಅಂಗೈ, ಬೆರಳುಗಳ ನಡುವೆ ನಿಂಬೆಯ ಹಣ್ಣು. ಬಳೆಯು ಅಳಿಯದ ಮುತ್ತೈದೆತನದ ಸಂಕೇತ. ಗಂಡನಿಗೆ ಕುದುರೆಯನ್ನೂ ಆಯುಧವನ್ನೂ ಕಾಳಗವನ್ನೂ ಬರೆದ ಕೈಯೇ ಹೆಂಡತಿಗೆ ಹಲವು ಕಲ್ಲುಗಳಲ್ಲಿ ಮುಖವನ್ನೇ ಬರೆಯಲಿಲ್ಲ. ಆಕೆಯ ಪಾಲಿಗೆ ಕೆಳಗಿನ ಅಂಕಣವೆಂಬುದೇ ಇರಲಿಲ್ಲ; ಇದ್ದುದು ಸಂಕೇತವೊಂದೇ. ಕ್ರಿ. ಶ. ೧೦೫೭ರ ಬೆಳತೂರಿನ ಶಾಸನವು ದೇಕಬ್ಬೆಯ ಮನಸ್ಸನ್ನೂ ಮಾತನ್ನೂ ಪದ್ಯಗಳಲ್ಲಿ ವರ್ಣಿಸಿ ಆಕೆಗೆ ವ್ಯಕ್ತಿತ್ವವನ್ನು ಕೊಟ್ಟಿತು. ಅಂತಹ ಕವಿಯು ದೊರೆಯದ ಸಾವಿರಾರು ಹೆಂಗಸರಿಗೆ ಆ ತೋಳಿನ ಗೆರೆಯೇ ಹೆಸರು, ಅದೇ ಚರಿತ್ರೆ. ಸಾಂಕೇತಿಕ ರೂಪವು ಮಡಿದವರನ್ನು ಎತ್ತಿ ಹಿಡಿಯಬಲ್ಲದು, ಮರೆಯಿಸಲೂ ಬಲ್ಲದು ಎಂಬುದನ್ನು ಈ ಕಲ್ಲುಗಳು ತೋರಿಸುತ್ತವೆ.

೭

ಶಾಸನಸಂಗ್ರಹದ ಕಾರ್ಯವು ಕನ್ನಡನಾಡಿನಲ್ಲಿ ಅಕ್ಷರದಿಂದ ಪ್ರಾರಂಭವಾಯಿತು. ಪಡಿಯಚ್ಚು ತೆಗೆಯುವವರ ಕಾಗದವೂ ಮಸಿಯೂ ಬರಹವಿರುವ ಪಟ್ಟಿಕೆಗಳಿಗೇ ಹೆಚ್ಚಾಗಿ ಮೀಸಲಾದುವು. ಪಾಠವು ಸಂಪುಟವನ್ನು ಸೇರಿತು. ಚಿತ್ರವು ಬಹುಶಃ ಒಂದು ಸಾಲಿನ ವಿವರಣೆಯಲ್ಲಿ ಮುಗಿಯಿತು. ಇದರಿಂದ ಅಕ್ಷರವಿಲ್ಲದ ಕಲ್ಲುಗಳು ಚರಿತ್ರೆಯ ಹೊರಗುಳಿದುವು. ಊರಿನ ಅಗಸೆಯ ಬಳಿ, ಹನುಮಂತದೇವರ ಗುಡಿಯ ಮುಂದೆ, ಹೊಲದ ಬದುವಿನಲ್ಲಿ ನಿಂತ ಅಂತಹ ಕಲ್ಲುಗಳಿಗೆ ಎಣ್ಣೆ, ಕುಂಕುಮ, ಸುಣ್ಣಗಳ ಪೂಜೆಯು ನಡೆಯುತ್ತದೆ. ಪೂಜೆಯು ಕಲ್ಲನ್ನು ಉಳಿಸಿದೆ ನಿಜ. ಆದರೆ ಒಂದರ ಮೇಲೊಂದಾಗಿ ಬಿದ್ದ ಲೇಪಗಳು ತಗ್ಗುಬ್ಬಿನ ಅಂಚನ್ನು ತುಂಬುತ್ತ ಬರುತ್ತವೆ. ಅಂಚು ತುಂಬಿದೊಡನೆ, ಮೇಲೆ ಹೇಳಿದಂತೆ, ಪೂರ್ವರೇಖೆಯ ದಾರಿಯೇ ಮುಚ್ಚಿಹೋಗುತ್ತದೆ. ಸುಣ್ಣಶಿಲೆಯ ಫಲಕಗಳಲ್ಲಿ ಮಳೆಗಾಳಿಗಳೂ ಇದೇ ಕೆಲಸವನ್ನು ಮಾಡುತ್ತವೆ.

ಆದುದರಿಂದ ಆಳಂದ, ಅಫಜಲಪುರ, ಜೇವರ್ಗಿ ಸೀಮೆಗಳ ಸ್ಮಾರಕಶಿಲೆಗಳಿಗೆ ಅಕ್ಷರದ ಪಾಠದಂತೆಯೇ ರೇಖೆಯ ಪಾಠವೂ ಸಿದ್ಧವಾಗಬೇಕಾದುದು ಅವಶ್ಯ. ಒಂದೊಂದು ಕಲ್ಲಿನ ಹೊರಗೆರೆಗಳನ್ನೂ ಅಳತೆಯೊಡನೆ ಕಾಗದಕ್ಕೆ ಇಳಿಸಿ, ಬ್ರಹ್ಮಸೂತ್ರ ಪಕ್ಷಸೂತ್ರಗಳನ್ನು ಅವುಗಳ ಮೇಲೆಳೆದು ನೋಡಿದರೆ, ಒಂದೇ ಕೈಯ ಅಥವಾ ಒಂದೇ ಮನೆತನದ ಕೆಲಸವು ಯಾವ ಯಾವ ಊರುಗಳಲ್ಲಿ ಹರಡಿದೆಯೆಂಬುದನ್ನು ನಿರ್ಧರಿಸುವುದಕ್ಕೆ ಮಾರ್ಗವಾಗುವುದು. ಹೆಸರಿಲ್ಲದ ಕಲ್ಲುಗಳಿಗೆ ಕಾಲವನ್ನು ಗೊತ್ತುಮಾಡುವುದಕ್ಕೂ ಇದು ಸಾಧನವಾಗುವುದು. ರೂವಾ­ರಿಯು ಬರೆದು ಅಳಿಸಿದ ಚಿತ್ರವನ್ನು ಮರಳಿ ಬರೆಯುವ ಈ ಕೆಲಸವು ಕಲಾವಿಮರ್ಶೆಗೆ ಮಾತ್ರ ಸಂಬಂಧಿಸಿದುದಲ್ಲ. ಅಕ್ಷರವಿಲ್ಲದ ಕಲ್ಲಿಗೆ ಅದರ ಗೆರೆಯೇ ಶಾಸನವಾಗಿದೆ. ಆ ಗೆರೆಯನ್ನು ಓದಿದಲ್ಲದೆ, ದನಗಳನ್ನು ಮರಳಿಸಲು ಹೋಗಿ ಮಡಿದವನ ಬಾಳೂ, ಬಳೆದೊಟ್ಟ ತೋಳಿನ ಹಿಂದಿದ್ದವಳ ಬಾಳೂ ಕನ್ನಡನಾಡಿನ ಚರಿತ್ರೆಯೊಳಗೆ ಬರಲಾರವು.